ಬೊಟ್ಟಿನ ಮಟ್ಟಕ್ಕೆ ನೀರು

ಭಾನುವಾರ, ಜ್ಯೇಷ್ಠ ಮಾಸ. ಬೆಳಿಗ್ಗೆ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಸ್ಥಳ: ವಿಜಯವಾಡದ ಗವರ್ನರ್‌ಪೇಟೆ, ಅಕ್ಕನ ಮನೆಯ ಹಾಲ್. ಹಾಜರಿದ್ದವರು: ನಾನು ಮತ್ತು ಅಕ್ಕ. ಕರೆಂಟು ಇರಲಿಲ್ಲ.

ವರದಿಯನ್ನು ಹೀಗೆ ಆರಂಭಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ನಿವೃತ್ತಿಯವರೆಗೂ ಪಾಳಿ ಮಾಡಿದವನು ನಾನು. ದಿನ, ಹೊತ್ತು, ಯಾರಿದ್ದರು, ಏನಾಯಿತು ಎಂದು ಬರೆದು, ಮುಂದಿನ ಪಾಳಿಯವನಿಗೆ ಬಾಯಲ್ಲೂ ಒಮ್ಮೆ ಹೇಳಿ, ಚಾರ್ಜು ಒಪ್ಪಿಸಿದ ಮೇಲೆಯೇ ಕುರ್ಚಿ ಬಿಡಬೇಕು. ಮುಂದಿನವನು ಬರದಿದ್ದರೆ ಏಳುವಂತಿಲ್ಲ. ನಾನು ಒಂದು ದಿನವೂ ಒಪ್ಪಿಸದೆ ಎದ್ದವನಲ್ಲ.

ಆ ಬೆಳಿಗ್ಗೆ ಅಕ್ವೇರಿಯಮ್ಮಿನ ಪಂಪು ನಿಂತದ್ದರಿಂದ ನನಗೆ ಎಚ್ಚರವಾಯಿತು. ನನ್ನಂಥವರಿಗೆ ಯಂತ್ರ ಓಡುತ್ತಿದ್ದರೆ ನಿದ್ದೆ. ಸದ್ದು ನಿಂತರೆ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ. ಬ್ಯಾಟರಿಯ ಗಾಳಿ ಪಂಪು ಮಂಚದ ಪಕ್ಕದಲ್ಲೇ ಇರುತ್ತದೆ. ಅದನ್ನೂ ಟಾರ್ಚನ್ನೂ ಹಿಡಿದು ಹಾಲ್‌ಗೆ ಬಂದೆ.

ಟಾರ್ಚಿನ ಬೆಳಕು ನೆಲದ ಮೇಲೆ ಬಿತ್ತು. ಬಚ್ಚಲಿನ ಬಾಗಿಲಿನಿಂದ ಅಕ್ವೇರಿಯಂ ಕಡೆಗೆ ಒದ್ದೆ ಹೆಜ್ಜೆಗಳು ಹೋಗಿದ್ದವು. ಬರಿಗಾಲು, ಹೆಂಗಸಿನ ಹೆಜ್ಜೆ.

ನನ್ನ ಹೆಂಡತಿ ಸ್ನಾನ ಮಾಡಿ ಕಾಲು ಒರೆಸಿಕೊಳ್ಳದೆ ಹಾಗೆಯೇ ಮನೆಯೊಳಗೆ ನಡೆಯುತ್ತಿದ್ದಳು. ಅದಕ್ಕಾಗಿ ಮದುವೆಯಾದ ಹೊಸದರಿಂದ ಕೊನೆಯವರೆಗೂ ನಾನು ಅವಳನ್ನು ಬೈದಿದ್ದೇನೆ. ಅವಳು ತೀರಿಕೊಂಡದ್ದು ಹಿಂದಿನ ಕಾರ್ತಿಕದಲ್ಲಿ.

ಟಾರ್ಚನ್ನು ಮೇಲೆತ್ತಲು ನನಗೆ ಮನಸ್ಸಾಗಲಿಲ್ಲ. ಯಾಕೆಂದು ಹೇಳಬೇಕಾದರೆ ಅಕ್ವೇರಿಯಮ್ಮಿನ ವಿಷಯವನ್ನು ಮೊದಲು ಹೇಳಬೇಕು.

ಅದು ಅವಳದು. ನಿವೃತ್ತಿಯಾದ ಮೇಲೆ ನಾವು ಕಾರ್ಖಾನೆಯ ಟೌನ್‌ಶಿಪ್ ಬಿಟ್ಟು ಎಂವಿಪಿ ಕಾಲೋನಿಯಲ್ಲಿ ಒಂದು ಫ್ಲಾಟಿಗೆ ಬಂದೆವು. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಬೀಚಿನಲ್ಲಿ ವಾಕಿಂಗ್. ಅಲ್ಲಿ ಪರಿಚಯವಾದ ಒಬ್ಬ ಹೆಂಗಸು ಒಂದು ದಿನ ಇವಳಿಗೆ ನೀರು ತುಂಬಿದ ಡಬ್ಬಿ ಕೊಟ್ಟಳು. ಒಳಗೆ ಒಂದು ಟೈಲ್ಸ್ ಚೂರು, ಅದಕ್ಕೆ ಅಂಟಿದ ನಾಲ್ಕು ಗುಂಡಿಗಳು. ಗುಂಡಿ ಎಂದು ಹೆಸರಿಟ್ಟದ್ದು ಇವಳೇ. ಅಂಗಿಯ ಗುಂಡಿಯಷ್ಟೇ ಅಗಲದ ಹವಳ. ಗಿಡ್ಡ ಕಾಂಡ, ಮೇಲೊಂದು ಹಸಿರು ತಟ್ಟೆ, ಸುತ್ತ ಕಣ್ಣಿನ ರೆಪ್ಪೆಯಂಥ ಎಳೆಗಳು. ಹಿತವಾಗಿದ್ದರೆ ಅರಳುತ್ತವೆ, ಇಲ್ಲದಿದ್ದರೆ ಮುಚ್ಚಿಕೊಳ್ಳುತ್ತವೆ. ಕಲ್ಲಾಗಿ ಬೆಳೆಯುವ ಹವಳಗಳನ್ನು ಮನೆಯಲ್ಲಿಡಲು ಕಾನೂನು ಬಿಡುವುದಿಲ್ಲ. ಇವು ಮೆತ್ತನೆಯ ಜಾತಿ, ಸುಲಭಕ್ಕೆ ಸಾಯುವುದಿಲ್ಲ ಎಂದು ಆ ಹೆಂಗಸು ಹೇಳಿದ್ದಳಂತೆ.

“ಎಷ್ಟಾಗತ್ತೆ ಇದಕ್ಕೆಲ್ಲ?” ಎಂದು ಕೇಳಿದೆ.

“ನಿಮ್ಮ ಪೇಪರ್ ಬಿಲ್ಲಿನಷ್ಟು.”

“ಸುಳ್ಳು.”

“ಸರಿ, ಎರಡು ಪೇಪರ್ ಬಿಲ್ಲು. ಪೇಪರಲ್ಲಿ ಬಂದಿದ್ದನ್ನೇ ರಾತ್ರಿ ಟಿವೀಲೂ ನೋಡ್ತೀರಲ್ಲ, ಒಂದು ನಿಲ್ಸಿ.”

ಪೇಪರ್ ನಿಲ್ಲಿಸಲಿಲ್ಲ. ಆದರೆ ಅವಳು ಹೇಳಿದ್ದು ಹೆಚ್ಚು ಸುಳ್ಳೂ ಆಗಲಿಲ್ಲ. ಕೆಳಗಿನ ಮನೆಯವರ ಗೋಲ್ಡ್‌ಫಿಶ್ ಸತ್ತು ಖಾಲಿ ಬಿದ್ದಿದ್ದ ಎರಡಡಿ ಗಾಜಿನ ತೊಟ್ಟಿ ಬಿಟ್ಟಿಯಾಗಿ ಬಂತು. ವಿದೇಶದ ದೀಪ ಬೇಡವೆಂದು ಎಲೆಕ್ಟ್ರಿಕ್ ಅಂಗಡಿಯಿಂದ ಒಂದು ಬಿಳಿ, ಒಂದು ನೀಲಿ ಎಲ್‌ಇಡಿ ಟ್ಯೂಬು ತಂದಳು. ನೀರನ್ನು ತಳ್ಳಲು ಒಂದು ಚಿಕ್ಕ ಪಂಪು. ಬೇಸಿಗೆಗೆ ಒಂದು ಕ್ಲಿಪ್ ಫ್ಯಾನು, ನೀರಿನ ಮೇಲೆ ಗಾಳಿ ಬೀಸಿ ತಂಪಿಡಲು. ಮೀನು ಒಂದೇ ಒಂದು, ನೀಲಿಯದು. ಮೀನು ಹೆಚ್ಚಾದರೆ ಗಲೀಜು ಹೆಚ್ಚು, ಖರ್ಚು ಹೆಚ್ಚು. ಪಾಚಿ ತಿನ್ನಲು ಒಂದೆರಡು ಬಸವನಹುಳು. ಸಮುದ್ರದ ನೀರನ್ನು ದೋಣಿಯವರ ಕೈಗೆ ಕ್ಯಾನು ಕೊಟ್ಟು, ಮಳೆಯಿಲ್ಲದ ವಾರ ನೋಡಿ, ದಡದಿಂದ ದೂರ ಹೋದಾಗ ತುಂಬಿಸಿ ತರಿಸುತ್ತಿದ್ದಳು. ಮಂಚದ ಕೆಳಗೆ ಕತ್ತಲಲ್ಲಿಟ್ಟು, ಸೋಸಿ, ವಾರಕ್ಕೊಮ್ಮೆ ತೊಟ್ಟಿಯ ಸ್ವಲ್ಪ ನೀರು ತೆಗೆದು ಅಷ್ಟೇ ಹೊಸ ನೀರು ಹಾಕುತ್ತಿದ್ದಳು. ದೀಪ ಹಚ್ಚುವುದು, ಆರಿಸುವುದು ದಿನವೂ ಒಂದೇ ಹೊತ್ತಿಗೆ. “ಇವಕ್ಕೆ ದುಡ್ಡು ಬೇಡ, ದಿನಾ ಒಂದೇ ಥರ ಇರಬೇಕು, ಅಷ್ಟೇ. ನಿಮ್ಮ ಥರ,” ಎನ್ನುತ್ತಿದ್ದಳು.

ಸೋಸುವ ಬಟ್ಟೆಯೂ ಮನೆಯದೇ. ನನ್ನ ಅಕ್ಕನ ಮಗಳು ಮಂಗಳಗಿರಿಯಿಂದ ತಂದುಕೊಟ್ಟಿದ್ದ ಹತ್ತಿ ಸೀರೆ, ಉಟ್ಟು ಉಟ್ಟು ಮೆತ್ತಗಾಗಿತ್ತು. ಅದನ್ನು ಕತ್ತರಿಸಿ ಚೀಲ ಹೊಲಿದಳು. ಹೊಲಿಯುವ ಮೊದಲು ಕೂತು ಜರಿಯಂಚನ್ನು ಪೂರ್ತಿ ಬಿಚ್ಚಿ ತೆಗೆದಳು.

“ಜರಿ ಯಾಕೆ ಕಿತ್ತೆ? ಚೆನ್ನಾಗಿತ್ತಲ್ಲ.”

“ಜರಿ ಒಳಗೆ ತಾಮ್ರದ ಎಳೆ ಇರತ್ತೆ ರೀ. ಮೀನು ತಡಕೊಳ್ಳತ್ತೆ. ಇವು ತಡಕೊಳ್ಳಲ್ಲ.”

ಇನ್ನೊಂದು ಅವಳ ಕೈಕೆಲಸ ಈಗಲೂ ಗಾಜಿನ ಮೇಲಿದೆ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಆದ್ದರಿಂದ ಕಡಿಮೆಯಾದಷ್ಟು ನೀರನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರು ಹಾಕಿದರೆ ಉಪ್ಪು ಏರುತ್ತಾ ಹೋಗುತ್ತದೆ. ಎಷ್ಟು ತುಂಬಬೇಕು ಎಂಬುದಕ್ಕೆ ಒಂದು ಗುರುತು ಬೇಕು. ನಾನು ಸ್ಕೇಲು, ಮಾರ್ಕರ್ ಹುಡುಕಿಕೊಂಡು ಬರುವಷ್ಟರಲ್ಲಿ ಅವಳು ಹಣೆಯ ಸ್ಟಿಕರ್ ಬೊಟ್ಟನ್ನು ತೆಗೆದು ಗಾಜಿನ ಹೊರಗೆ ಅಂಟಿಸಿ, “ಇಲ್ಲಿವರೆಗೆ,” ಎಂದಿದ್ದಳು. ಕೆಂಪು ಬೊಟ್ಟು. ಈಗ ಬಣ್ಣ ಮಾಸಿದೆ.

ನಾಲ್ಕು ಗುಂಡಿಗಳು ಒಂದು ಹಾಸಾದವು. ಅಣಬೆಯಂಥ ಇನ್ನೊಂದು ಹವಳ ಬಂತು, ಅದೂ ಕೊಡು-ಕೊಳ್ಳುವುದರಲ್ಲಿ. ಸಂಜೆ ನೀಲಿ ಟ್ಯೂಬು ಮಾತ್ರ ಉರಿಯುವಾಗ ಅವೆಲ್ಲ ಒಳಗಿನಿಂದ ಹೊಳೆಯುತ್ತಿದ್ದವು. ನಾನು ಸೋಫಾದಲ್ಲಿ ಪೇಪರ್ ಹಿಡಿದು, ಓದದೆ, ಅದನ್ನೇ ನೋಡುತ್ತಿದ್ದೆ. ಮುಟ್ಟಿದ್ದು ಮಾತ್ರ ಇಲ್ಲ. ಅದು ಅವಳ ಪಾಳಿ.

ಅವಳು ಹೋದದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ. ಎದೆ ಹಿಡಿದುಕೊಂಡಿತು ಎಂದಳು, ಆಸ್ಪತ್ರೆಯ ಬಾಗಿಲು ತಲುಪುವ ಮೊದಲೇ ಮುಗಿದಿತ್ತು. ಯಾವುದನ್ನೂ ಬರೆದಿಟ್ಟಿರಲಿಲ್ಲ, ಹೇಳಿರಲಿಲ್ಲ. ಚಾರ್ಜು ಒಪ್ಪಿಸದೆ ಎದ್ದು ಹೋದಳು.

ನೋಡಿದ್ದನ್ನೆಲ್ಲ ನೆನೆಸಿಕೊಂಡು ಅವಳ ಪಾಳಿಯನ್ನೂ ನಾನೇ ಹಿಡಿದೆ. ಕೈಗವಸು ಹಾಕದೆ ನೀರಿಗೆ ಕೈಯಿಡಬಾರದು. ಗುಂಡಿಗಳ ಲೋಳೆ ವಿಷ. ನೀರು ಬದಲಿಸುವ ದಿನ ಭಾನುವಾರ. ಸಿಹಿನೀರು ತುಂಬುವುದು ಬೆಳಿಗ್ಗೆ, ಎದ್ದ ಕೂಡಲೇ. ಆಗ ಮೊದಲ ಸಲ ಅದು ಕಂಡದ್ದು. ಬೆಳಿಗ್ಗೆ ಎದ್ದು ಜಗ್ಗು ಹಿಡಿದು ಹೋದರೆ ನೀರು ಬೊಟ್ಟಿನ ಮಟ್ಟಕ್ಕೇ ಇರುತ್ತಿತ್ತು. ಒಂದು ದಿನವಲ್ಲ, ದಿನವೂ. ಕಡಿಮೆಯಾಗಬೇಕಾದ ನೀರು ಕಡಿಮೆಯಾಗಿರುತ್ತಿರಲಿಲ್ಲ. ಕರಾವಳಿಯ ಹವೆ, ತೇವ ಹೆಚ್ಚು ಎಂದುಕೊಂಡೆ. ನಾನೇ ನಿದ್ದೆಗಣ್ಣಲ್ಲಿ ತುಂಬಿ ಮರೆತಿರಬಹುದು ಎಂದೂ ಎಂದುಕೊಂಡೆ. ಆ ವಾರಗಳಲ್ಲಿ ನಾನು ಉಂಡದ್ದು ಕೂಡ ನೆನಪಿಲ್ಲ. ಮನೆಯಲ್ಲಿ ನಾನೊಬ್ಬನೇ. ಹವಳಗಳು ಮಾತ್ರ ಎಂದಿಗಿಂತ ಚೆನ್ನಾಗಿ ಅರಳಿದ್ದವು. ದೀಪ ಹಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆಯೇ, ಕತ್ತಲಲ್ಲೇ, ಯಾರೋ ಎದುರು ಬಂದು ನಿಂತಂತೆ ಎಳೆಗಳನ್ನು ಚಾಚುತ್ತಿದ್ದವು. ಅವಕ್ಕೆ ಹೊತ್ತಿನ ಅಭ್ಯಾಸವಾಗಿರುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ, ಅಡ್ಡವಾಗಬಾರದೆಂದು.

ಸಂಕ್ರಾಂತಿ ಕಳೆದ ಮೇಲೆ ಅಕ್ಕ ಫೋನ್ ಮಾಡಿದಳು. ನಮ್ಮದು ತುಮಕೂರು ಕಡೆ. ಭಾವ ಬ್ಯಾಂಕಿನವರು, ವರ್ಗವಾಗಿ ವಿಜಯವಾಡಕ್ಕೆ ಬಂದವರು ಅಲ್ಲೇ ನೆಲೆಯಾದರು. ಅವರು ಹೋಗಿ ಬಹಳ ವರ್ಷವಾಯಿತು. “ಅಲ್ಲಿ ಒಬ್ಬನೇ ಕೂತು ಗಡಿಯಾರ ನೋಡೋ ಬದ್ಲು ಇಲ್ಲಿ ಬಾ. ಇಬ್ರೂ ಸೇರಿ ನೋಡಣ,” ಎಂದಳು. ಹೋದೆ. ಹವಳಗಳು ಬಕೆಟ್ಟಿನಲ್ಲಿ, ತೊಟ್ಟಿ ಹಾಸಿಗೆಯಲ್ಲಿ ಸುತ್ತಿ, ಬಾಡಿಗೆ ವ್ಯಾನಿನಲ್ಲಿ. ನನ್ನ ಹೆಂಡತಿ ಕೊನೆಯ ಸಲ ತರಿಸಿಟ್ಟಿದ್ದ ಸಮುದ್ರದ ನೀರಿನ ಒಂದು ಕ್ಯಾನು ಉಳಿದಿತ್ತು. ಅದನ್ನೂ ಒಯ್ದೆ. ಅಕ್ಕನ ಮನೆಯಲ್ಲಿ ನನ್ನ ಮಂಚದ ಕೆಳಗೆ ತಳ್ಳಿಟ್ಟೆ. ವಿಜಯವಾಡದಲ್ಲಿ ನದಿಯಿದೆ, ಸಮುದ್ರವಿಲ್ಲ. ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪನ್ನು ಆರ್‌ಓ ನೀರಿಗೆ ಬೆರೆಸಿ, ಪಂಪಿನಿಂದ ಒಂದು ದಿನ ತಿರುಗಿಸಿ ಉಪಯೋಗಿಸತೊಡಗಿದೆ. ಕ್ಯಾನನ್ನು ತೆರೆಯಲಿಲ್ಲ.

ವಿಜಯವಾಡಕ್ಕೆ ಬಂದ ಮೇಲೆ ನೀರು ನಿಯಮದಂತೆ ದಿನವೂ ಇಳಿಯಿತು. ನಾನು ದಿನವೂ ತುಂಬಿದೆ. ಎಲ್ಲ ಸರಿಯಾಗಿತ್ತು. ನನಗೆ ಮಾತ್ರ ಏನೋ ಕಳೆದುಹೋದಂತಿತ್ತು.

ಯುಗಾದಿಯಾದ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಜಗ್ಗು ಹಿಡಿದು ಹೋದೆ. ನೀರು ಬೊಟ್ಟಿನ ಮಟ್ಟಕ್ಕಿತ್ತು.

ವಿಜಯವಾಡದ ಬೇಸಿಗೆ ಎಂಥದು ಎಂದು ಬಲ್ಲವರಿಗೆ ಗೊತ್ತು. ಫ್ಯಾನು ಹಗಲು ರಾತ್ರಿ ನೀರಿನ ಮೇಲೆ ಬೀಸುತ್ತಿತ್ತು. ನೀರು ಇಳಿಯದಿರಲು ಸಾಧ್ಯವೇ ಇಲ್ಲ. ತೊಟ್ಟಿಯ ಕೆಳಗೆ ನೆಲದ ಮೇಲೆ ಒಂದೆರಡು ಹನಿ ನೀರು. ಮರುದಿನವೂ ಹಾಗೆಯೇ. ಆಗ ನನಗೆ ಬಂದ ಮೊದಲ ಯೋಚನೆಯನ್ನು ಹಾಗೆಯೇ ಬರೆಯುತ್ತೇನೆ: ವಿಳಾಸ ಹುಡುಕಿಕೊಂಡು ಬಂದಿದ್ದಾಳೆ.

ಅಕ್ಕನನ್ನು ಕೇಳಲಿಲ್ಲ. ಕೇಳಿದರೆ ನಿಂತುಹೋಗುತ್ತದೆ ಅನ್ನಿಸಿತು. ನೆಲದ ಹನಿಗಳನ್ನು ಬಟ್ಟೆಯಿಂದ ಒರೆಸಿ, ಖಾಲಿ ಮಾಡದ ಜಗ್ಗನ್ನು ಹಿಂದಕ್ಕೆ ಒಯ್ಯುತ್ತಿದ್ದೆ.

ಆಮೇಲೆ ಬಸವನಹುಳುಗಳು ಸತ್ತವು. ಗುಂಡಿಗಳು ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಅರಳತೊಡಗಿದವು, ಮತ್ತೆ ಅರಳುವುದನ್ನೇ ಬಿಟ್ಟವು. ಅಣಬೆ ಮುದುರಿ ಬೆರಳ ತುದಿಯಷ್ಟಾಯಿತು. ಉಪ್ಪು ಅಳೆದೆ, ಸರಿಯಿತ್ತು. ಬಿಸಿ ಅಳೆದೆ, ಸರಿಯಿತ್ತು. ದೀಪ, ಪಂಪು, ಸೀರೆಯ ಚೀಲ ಎಲ್ಲ ಪರೀಕ್ಷಿಸಿದೆ. ನೀರು ಹೆಚ್ಚು ಬದಲಿಸಿದರೆ ಎರಡು ದಿನ ಸುಧಾರಿಸಿ ಮತ್ತೆ ಮುಚ್ಚುತ್ತಿದ್ದವು. ನೀಲಿ ಮೀನು ಮಾತ್ರ ಹುರುಪಾಗಿ ಓಡಾಡುತ್ತಿತ್ತು. ಹಾಸಿನ ಅಂಚು ಕರಗಿ ಬಿಳಿ ಲೋಳೆಯಾಗತೊಡಗಿದಾಗ ನನಗೆ ನಿಜವಾಗಿ ಭಯವಾಯಿತು. ಅವಳ ಕೈಯಿಂದ ಬದುಕಿದ್ದು ಈ ಮನೆಯಲ್ಲಿ ಅದೊಂದೇ. ಅದೂ ಹೋದರೆ ಬೆಳಿಗ್ಗೆ ಬರುವವಳು ಯಾತಕ್ಕೆ ಬರುತ್ತಾಳೆ?

ಇಷ್ಟಾಗಿತ್ತು, ನಾನು ಕತ್ತಲ ಹಾಲ್‌ನಲ್ಲಿ ಒದ್ದೆ ಹೆಜ್ಜೆಗಳ ಮೇಲೆ ಟಾರ್ಚ್ ಬಿಟ್ಟುಕೊಂಡು ನಿಂತಾಗ.

ನೀರು ಬೀಳುವ ಸಣ್ಣ ಸದ್ದು ಕೇಳಿಸಿತು. ಬೇರೆ ದಿನ ಪಂಪಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದ ಸದ್ದು. ಟಾರ್ಚ್ ಮೇಲೆತ್ತಿದೆ. ಅಕ್ಕ ಒದ್ದೆ ಸೀರೆಯಲ್ಲಿ, ಕಣ್ಣು ಮುಚ್ಚಿಕೊಂಡು, ತೊಟ್ಟಿಗೆ ನೀರು ಬಿಡುತ್ತಿದ್ದಳು. ಕೈಯಲ್ಲಿ ದೇವರ ಮುಂದಿನ ತಾಮ್ರದ ಚೊಂಬು.

ನೀರು ಬೊಟ್ಟು ಮುಟ್ಟಿತು. ಅವಳು ಕಣ್ಣು ತೆರೆದಳು.

“ಬೆಳಕು ಕೆಳಗೆ ಮಾಡೋ. ಕಣ್ಣಿಗೆ ಹೊಡೀತಿದೆ.”

“ಏನು ಮಾಡ್ತಿದೀಯಕ್ಕ?”

“ಕಾಣಲ್ವಾ? ನೀರು ಕೊಡ್ತಿದೀನಿ.”

“ಯಾರಿಗೆ?”

ಅಕ್ಕ ಚೊಂಬನ್ನು ಎದೆಗೆ ಹಿಡಿದುಕೊಂಡಳು. “ಯುಗಾದಿ ಆದ್ಮೇಲೆ ಒಂದಿನ ಕನಸಲ್ಲಿ ಬಂದಿದ್ಳು ಕಣೋ. ಬಾಗಿಲಲ್ಲೇ ನಿಂತಿದ್ಳು. ಒಳಗೆ ಬಾರೇ ಅಂದ್ರೆ ಬರಲಿಲ್ಲ. ‘ಕುಡಿಯೋಕೆ ನೀರು ಕೊಡಿ ಅತ್ತಿಗೆ’ ಅಂದ್ಳು. ನಾನು ಚೊಂಬು ತರೋಷ್ಟರಲ್ಲಿ ಈ ಗಾಜಿನ ಪೆಟ್ಟಿಗೆ ಹತ್ರ ಹೋದೋಳು ಕಾಣಲೇ ಇಲ್ಲ. ಅವತ್ತಿಂದ ಕೊಡ್ತಿದೀನಿ. ಮಡೀಲಿ, ಯಾರ ಹತ್ರನೂ ಮಾತಾಡೋಕ್ ಮುಂಚೆ. ಬೊಟ್ಟಿನವರೆಗೆ ಕೊಡ್ತೀನಿ, ಜಾಸ್ತಿ ಇಲ್ಲ. ನೀನು ಹಾಗೇ ಮಾಡೋದು ನೋಡಿದೀನಿ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ನೀರಿನ ಲೆಕ್ಕ ತಪ್ಪತ್ತೆ ಅಂತಿದ್ದೆ. ಮಾಸಿಕದ ದಿನಾನೂ ಪುರೋಹಿತರ ಎದುರು ಗಡಿಯಾರ ನೋಡೋನು ನೀನು. ಅದು ಬಿಡು, ಅಷ್ಟು ದೊಡ್ಡ ಕಾರ್ಖಾನೇನ ಕೂತಲ್ಲೇ ನೋಡ್ಕೊಂಡೋನು, ಮಗ್ಗುಲ ಕೋಣೇಲಿ ಇಷ್ಟು ದಿನ ನಾನು ಎದ್ದು ಓಡಾಡಿದ್ದು ಗೊತ್ತೇ ಆಗಲಿಲ್ವೇನೋ?”

“ಯಾರೋ ಬರ್ತಾರೆ ಅಂತ ಗೊತ್ತಾಗಿತ್ತು. ನೀನು ಅಂತ ಗೊತ್ತಿರಲಿಲ್ಲ.”

ಅಕ್ಕ ನನ್ನ ಮುಖ ನೋಡಿದಳು. ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಕೂತಳು.

ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡೆ. ಪ್ರತಿ ಶುಕ್ರವಾರ ಹುಣಸೆಹಣ್ಣು ಹಚ್ಚಿ ಉಜ್ಜಿ ಬೆಳಗಿದ ಚೊಂಬು. ಟಾರ್ಚಿನ ಬೆಳಕಿಗೆ ಹೊಸದರಂತೆ ಹೊಳೆಯಿತು. ರಾತ್ರಿ ನೀರು ತುಂಬಿ, ತುಳಸಿ ಹಾಕಿ ದೇವರ ಮುಂದಿಡುತ್ತಾಳೆ. ನಮ್ಮ ತಾಯಿಯೂ ಹಾಗೆಯೇ ಮಾಡುತ್ತಿದ್ದರು. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ನೀರಿಲ್ಲ.

“ಅಕ್ಕ, ತಾಮ್ರ ಇವಕ್ಕೆ ಆಗಲ್ಲ.”

“ನಾವು ಕುಡಿಯೋ ನೀರು ಕಣೋ ಅದು.”

“ನಮಗೆ ಆಗತ್ತೆ. ಇವಕ್ಕೆ ಆಗಲ್ಲ. ಬಸವನಹುಳು ಸತ್ತಿದ್ದು, ಇವು ಮುಚ್ಕೊಂಡಿದ್ದು ಅದಕ್ಕೇ.”

ಅವಳು ಕತ್ತಲಲ್ಲಿ ತೊಟ್ಟಿಯ ಕಡೆ ತಿರುಗಿದಳು. “ಹಾಗಾದ್ರೆ ದಿನಾ ನಾನು ಅವಳಿಗೆ…”

“ಇನ್ನೂ ಸತ್ತಿಲ್ಲ,” ಎಂದೆ. “ಏಳು. ಒಳಗಿನ ನೀರು ಹೊರಗಿಂದ ಕಾಣೋ ಹೊಸ ಬಕೆಟ್ ಇದೆಯಲ್ಲ, ಅದು ತಾ. ಸೋಪು ತಾಗದೇ ಇರೋದು.”

ಕೆಲಸ ಹೇಳಿದರೆ ಅಕ್ಕ ನೆಟ್ಟಗಾಗುತ್ತಾಳೆ. ಅದು ನಮ್ಮ ಮನೆತನದ ಗುಣ.

ಮೊದಲು ಹವಳಗಳನ್ನು ಆ ನೀರಿನಿಂದ ಹೊರಗೆ ತರಬೇಕು. ಹಾಕಲು ತಾಮ್ರ ತಾಗದ ಉಪ್ಪುನೀರು ಬೇಕು. ಮನೆಯಲ್ಲಿ ಉಪ್ಪು ಮುಗಿಯುತ್ತಾ ಬಂದಿತ್ತು. ಇದ್ದಿದ್ದರೂ ಬೆರೆಸಿದ ನೀರು ಒಂದು ದಿನ ತಿರುಗಬೇಕು, ಕರೆಂಟಿಲ್ಲ. ಭಾನುವಾರ ಅಂಗಡಿ ಬೇಗ ತೆರೆಯುವುದೂ ಇಲ್ಲ. ಇದನ್ನೆಲ್ಲ ನಾನು ಒಂದೊಂದಾಗಿ ಅಕ್ಕನಿಗೆ ಹೇಳುತ್ತಿದ್ದೆ. ಹೇಳುತ್ತಿರುವಾಗಲೇ ಕೊನೆಗೆ ಎಲ್ಲಿಗೆ ಬಂದು ನಿಲ್ಲುತ್ತದೆಂದು ನನಗೆ ಗೊತ್ತಿತ್ತು.

ಮಂಚದ ಕೆಳಗಿನಿಂದ ಕ್ಯಾನು ಎಳೆದೆ. ಮುಚ್ಚಳ ಸಡಿಲವೆಂದು ಅವಳು ದಾರ ಸುತ್ತಿ ಗಂಟು ಹಾಕಿದ್ದಳು. ಅಕ್ಕ ಕತ್ತರಿ ತರಲು ಹೋದಳು. ಬೇಡವೆಂದೆ. ಉಗುರಿನಿಂದ ಗಂಟು ಬಿಚ್ಚಿದೆ. ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಟಾರ್ಚ್ ಹಿಡಿದು ನಿಂತಿದ್ದಳು, ಅವಸರ ಮಾಡಲಿಲ್ಲ. ಮುಚ್ಚಳ ತೆಗೆದಾಗ ಕೋಣೆಯಲ್ಲೆಲ್ಲ ಸಮುದ್ರದ ವಾಸನೆ ಹರಡಿತು. ಕೆಟ್ಟಿರಲಿಲ್ಲ. ಬೆಳಗಿನ ಬೀಚಿನಿಂದ ಅವಳು ಮನೆಗೆ ತರುತ್ತಿದ್ದ ವಾಸನೆ ಅದೇ.

“ವೈಜಾಗ್,” ಎಂದಳು ಅಕ್ಕ, ಮೆಲ್ಲಗೆ.

ನೀರನ್ನು ಬಕೆಟ್ಟಿಗೆ ಸುರಿದೆ. ತಳದಲ್ಲಿ ಸ್ವಲ್ಪವೂ ಉಳಿಸಿಕೊಳ್ಳಲಿಲ್ಲ. ಗಾಳಿ ಪಂಪು ಬಿಟ್ಟೆ. ಕೈಗವಸು ಹಾಕಿ ಹವಳ ಹಬ್ಬಿದ್ದ ಕಲ್ಲುಗಳನ್ನು ಹೊರಗೆ ತೆಗೆದೆ. ಹಾಸಿನ ಬಹುಪಾಲು ಮುಟ್ಟಿದರೆ ಕೈಗೆ ಲೋಳೆಯಾಗಿ ಬಂತು, ನಾತ ಹೊಡೆಯುತ್ತಿತ್ತು. ಅದನ್ನೆಲ್ಲ ಹಳೆಯ ಮೊಂಡು ಬ್ರಷ್ಷಿನಿಂದ ಕೆರೆದು ಬೇರೆ ಮಾಡಿದೆ. ಕೆರೆಯುತ್ತಾ ಹೋದಂತೆ ಕೆಳಗಿನಿಂದ ಟೈಲ್ಸ್ ಚೂರು ಕಾಣಿಸಿಕೊಂಡಿತು. ಬೀಚಿನಲ್ಲಿ ಸಿಕ್ಕ ಅದೇ ಚೂರು. ಮೇಲೆ ಬೆಳೆದದ್ದರಡಿ ಹೂತುಹೋಗಿತ್ತು, ನಾನು ಅದನ್ನು ಮರೆತೇಬಿಟ್ಟಿದ್ದೆ. ಅದರ ಮೇಲೆ ಕೆಲವು ಗುಂಡಿಗಳು ಬಿಗಿಯಾಗಿ ಮುಚ್ಚಿಕೊಂಡಿದ್ದವು. ಒತ್ತಿದರೆ ಗಟ್ಟಿಯಾಗಿದ್ದವು. ಅವನ್ನೂ ಅಣಬೆಯನ್ನೂ ಬಕೆಟ್ಟಿನಲ್ಲಿ ಅವಳ ನೀರಿಗೆ ಇಳಿಸಿದೆ.

ಅಷ್ಟರಲ್ಲಿ ಬೆಳಕಾಯಿತು. ಕೆಳಗೆ ಗವರ್ನರ್‌ಪೇಟೆಯ ಸಗಟು ಅಂಗಡಿಗಳಿಗೆ ಮೂಟೆಗಳು ಇಳಿಯುವ ಸದ್ದು ಶುರುವಾಯಿತು. ಕರೆಂಟೂ ಬಂತು.

ಅಕ್ಕನ ಮಗಳು ಭಾನುವಾರ ಮಂಗಳಗಿರಿಯಿಂದ ಸ್ಕೂಟರಿನಲ್ಲಿ ಬರುತ್ತಾಳೆ. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹುಟ್ಟಿ ಬೆಳೆದದ್ದು ವಿಜಯವಾಡದಲ್ಲೇ. ಅವಳ ಕನ್ನಡಕ್ಕೆ ಅರ್ಧ ದಾರಿಯಲ್ಲಿ ತೆಲುಗು ಹತ್ತಿಕೊಳ್ಳುತ್ತದೆ. ನನ್ನನ್ನು ಮಾವಯ್ಯ ಎನ್ನುತ್ತಾಳೆ.

“ಏಂಟಿ ಮಾವಯ್ಯ, ಮನೆಯೆಲ್ಲ ಮೀನು ಮಾರ್ಕೆಟ್ ಥರ ವಾಸನೆ? ಅಮ್ಮ ನಿಮ್ಮನ್ನ ಒಳಗೆ ಹೇಗೆ ಬಿಟ್ಳು?”

ಹೇಳಿದೆ. ಬಂದ ಕಾಲಲ್ಲೇ ಹಿಂದಿರುಗಿ ಹೋಗಿ, ಅಂಗಡಿ ತೆರೆಯುವವರೆಗೆ ಕಾದು, ಉಪ್ಪು, ಇದ್ದಿಲಿನ ಪೊಟ್ಟಣ, ತಾಮ್ರ ಪರೀಕ್ಷಿಸುವ ಸಣ್ಣ ಬಾಟಲಿ ತಂದಳು. ತೊಟ್ಟಿಯ ನೀರನ್ನು ಗಾಜಿನ ಕೊಳವೆಗೆ ತೆಗೆದು ಹನಿ ಹಾಕಿದೆವು. ಬಣ್ಣ ತಿರುಗಿತು. ಸಂಶಯಕ್ಕೆ ಜಾಗ ಉಳಿಯಲಿಲ್ಲ. ಬಕೆಟ್ಟಿನ ನೀರಿಗೂ ಹಾಕಿದೆವು, ತಿರುಗಲಿಲ್ಲ.

“ಈ ಬಾಟಲಿ ಡಬ್ಬದ ಮೇಲೆ ನೋಡಿ ಮಾವಯ್ಯ, ತಾಮ್ರ ಮೀನಿಗೆ ಔಷಧ ಅಂತೆ ಕದಾ. ಅದಕ್ಕೇ ಈ ನೀಲಿ ಮಹಾರಾಜ ಇಷ್ಟು ದಪ್ಪ ಆಗಿದಾನೆ. ಅಮ್ಮಾ, ನೀನು ಅತ್ತೆಗೆ ಅಂತ ಕೊಟ್ಟಿದ್ದು ಇವನು ಕುಡಿದ!”

ಅಕ್ಕ ನಗಲಿಲ್ಲ. ಮಗಳು ಅಮ್ಮನ ಮುಖ ನೋಡಿ, ಪಕ್ಕಕ್ಕೆ ಹೋಗಿ ಕೂತು ಅವಳ ಮಂಡಿಯ ಮೇಲೆ ಕೈಯಿಟ್ಟಳು. ಅಡುಗೆ ಆ ದಿನ ಚಿತ್ರಾನ್ನ, ಅದೂ ಮಗಳೇ ಕಲಸಿದ್ದು.

ಮಧ್ಯಾಹ್ನವೆಲ್ಲ ಕೆಲಸ. ತೊಟ್ಟಿಯ ನೀರು ಅರ್ಧಕ್ಕಿಂತ ಹೆಚ್ಚು ತೆಗೆದು ಚೆಲ್ಲಿದೆ. ಕಲ್ಲುಗಳು ತಾಮ್ರ ಹೀರಿಕೊಂಡಿರುತ್ತವೆ. ಅವು ಮತ್ತೆ ಉಪಯೋಗಕ್ಕೆ ಬರುವ ಭರವಸೆ ಇಲ್ಲ. ನೀರಿನಲ್ಲಿ ಉಳಿದ ತಾಮ್ರ ಹೀರಲೆಂದು ಸೀರೆಯ ಚೀಲದಲ್ಲಿ ಇದ್ದಿಲು ತುಂಬಿ ಪಂಪಿನ ಬಾಯಿಗೆ ಕಟ್ಟಿದೆ. ಹೊಸ ನೀರಿಗೆ ಉಪ್ಪು ಬೆರೆಸಿ ತಿರುಗಲು ಬಿಟ್ಟೆ. ಮೀನು ಉಳಿದ ಸ್ವಲ್ಪ ನೀರಿನಲ್ಲಿ ಗಾಬರಿಯಿಂದ ಸುತ್ತುತ್ತಿತ್ತು. ಬೊಟ್ಟು ಮೇಲೆ ಒಣ ಗಾಜಿನ ಮೇಲಿತ್ತು, ನೀರು ಎಲ್ಲೋ ಕೆಳಗೆ. ಕೆಲಸ ಮಾಡುತ್ತಾ ನಾನು ಆ ಕಡೆ ಹೆಚ್ಚು ನೋಡಲಿಲ್ಲ.

ಸಂಜೆ ಬಕೆಟ್ಟಿನ ಮುಂದೆ ಮೂವರೂ ಕೂತೆವು. ನೀಲಿ ಟ್ಯೂಬನ್ನು ಅದರ ಮೇಲೆ ಕಟ್ಟಿದ್ದೆ. ಅಣಬೆ ಸ್ವಲ್ಪ ಊದಿತ್ತು, ಅದು ಉಳಿಯುತ್ತದೆ. ಗುಂಡಿಗಳು ಮುಚ್ಚಿಯೇ ಇದ್ದವು. ಟೈಲ್ಸಿನ ಅಂಚಿನದೊಂದು ತುಟಿ ಸಡಿಲಿಸಿದಂತೆ ನನಗೆ ಕಂಡಿತು. ನೀರು ಅಲುಗುವಾಗ ಹಾಗೆ ಕಾಣುವುದೂ ಉಂಟು, ಇವರಿಬ್ಬರಿಗೆ ಹೇಳಲಿಲ್ಲ.

“ಅಕ್ಕ, ವೈಜಾಗಲ್ಲೂ ಹೀಗೇ ಆಗ್ತಿತ್ತು,” ಎಂದೆ. “ಅವಳು ಹೋದ ಹೊಸದರಲ್ಲಿ. ಬೆಳಿಗ್ಗೆ ಎದ್ದರೆ ನೀರು ಬೊಟ್ಟಿನವರೆಗೆ ಇರ್ತಿತ್ತು.”

“ಅಲ್ಲಿ ಯಾರು ಹಾಕ್ತಿದ್ರು?”

“ನಾನೊಬ್ಬನೇ ಇದ್ದಿದ್ದು.”

ಅಕ್ಕನ ಮಗಳು ನಮ್ಮಿಬ್ಬರನ್ನೂ ನೋಡಿ ತೋಳು ಉಜ್ಜಿಕೊಂಡಳು. “ಚಾಲು ಮಾವಯ್ಯ, ಇಷ್ಟು ಸಾಕು, ನಾನು ಕತ್ತಲಾಗೋಕೆ ಮುಂಚೆ ಸೇತುವೆ ದಾಟಬೇಕು.”

ಅಕ್ಕ ಮಾತ್ರ ತಲೆಯಾಡಿಸಿದಳು, ಅಂಗಡಿಯವನು ಹೇಳಿದ ಬೆಲೆ ಸರಿಯಿದೆ ಎನ್ನುವಾಗ ಆಡಿಸುವಂತೆ. ಆಮೇಲೆ ಕೇಳಿದಳು: “ಬೆಳ್ಳಿ ಚೊಂಬು ಆಗತ್ತಾ?”

“ಬೇಡ. ಯಾವ ಲೋಹವೂ ಬೇಡ.”

“ಸ್ಟೀಲು, ಪ್ಲಾಸ್ಟಿಕ್ಕು ನನಗೆ ಆಗಲ್ಲ. ಮಡಿಗೆ ಬರಲ್ಲ.” ಯೋಚಿಸಿದಳು. ಎದ್ದು ದೇವರ ಕೋಣೆಗೆ ಹೋಗಿ ಶಂಖ ಹಿಡಿದುಕೊಂಡು ಬಂದಳು. ನಮ್ಮ ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ವಿಶಾಖಪಟ್ಟಣದಿಂದ ತಂದು ಅಕ್ಕನಿಗೆ ಕೊಟ್ಟಿದ್ದ ಶಂಖ; ಅಭಿಷೇಕಕ್ಕೆ ಅಕ್ಕ ಅದನ್ನೇ ಬಳಸುವುದು. “ಇದು?”

ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಲೋಹದ ಕಟ್ಟು ಎಲ್ಲೂ ಇರಲಿಲ್ಲ. ಬರೀ ಸಮುದ್ರದ ಚಿಪ್ಪು.

“ಆಗತ್ತೆ,” ಎಂದೆ. “ನೀರು ಆರ್‌ಓದು, ಗಾಜಿನ ಬಾಟಲೀಲಿ ಇಟ್ಟಿರಬೇಕು. ತುಳಸಿ ಬೇಡ.”

“ತುಳಸೀನೂ ಬೇಡ್ವಾ?”

“ಬೇಡ.”

“ನಿನ್ನ ಹೆಂಡತಿ ನಿನಗಿಂತ ಮೇಲು ಕಣೋ. ಅವಳು ಇಷ್ಟು ನಿಯಮ ಹೇಳ್ತಿರಲಿಲ್ಲ.”

“ಹೇಳಿದ್ದು ಅವಳೇ.”

ಬಕೆಟ್ಟಿಗೆ ಗುರುತು ಬೇಕಿತ್ತು. ಗಾಜಿನ ಮೇಲಿನ ಹಳೆಯ ಬೊಟ್ಟನ್ನು ಕೀಳಲು ನಾನು ಕೈ ಚಾಚಿ, ಹಾಗೆಯೇ ಹಿಂದಕ್ಕೆ ತೆಗೆದುಕೊಂಡೆ. ಅಕ್ಕ ಬೊಟ್ಟು ಬಿಟ್ಟು ಬಹಳ ವರ್ಷವಾಗಿದೆ. ಮನೆಯಲ್ಲಿ ಸ್ಟಿಕರ್ ಇಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದ ಅಕ್ಕನ ಮಗಳು ಬಾಗಿಲಿನಿಂದ ಹಿಂದಿರುಗಿ ಬಂದಳು. ತನ್ನ ಹಣೆಯಿಂದ ಬೊಟ್ಟನ್ನು ತೆಗೆದು, ಬಕೆಟ್ಟಿನ ಹೊರಮೈಯಲ್ಲಿ ಬೆಳಿಗ್ಗೆ ನೀರಿದ್ದ ಮಟ್ಟವನ್ನು ನನ್ನಿಂದ ಕೇಳಿ ತಿಳಿದು, ಅಂಟಿಸಿ, ಬೆರಳಿನಿಂದ ಒತ್ತಿದಳು.

“ಇಲ್ಲಿವರೆಗೆ,” ಎಂದಳು. ಅವಳ ಅತ್ತೆ ಆ ಮಾತನ್ನು ಹೇಳಿದಾಗ ಅವಳು ಅಲ್ಲಿರಲಿಲ್ಲ.

ಅವಳು ಹೋದ ಮೇಲೆ ನಾನು ಅಕ್ಕನನ್ನು ಬಕೆಟ್ಟಿನ ಮುಂದೆ ನಿಲ್ಲಿಸಿಕೊಂಡು ಚಾರ್ಜು ಒಪ್ಪಿಸಿದೆ. ಬೆಳಿಗ್ಗೆ ಮೊದಲು ಪಂಪು ಓಡುತ್ತಿದೆಯೇ ನೋಡುವುದು. ನಿಂತಿದ್ದರೆ ನನ್ನನ್ನು ಎಬ್ಬಿಸುವುದು, ಮಡಿಯಲ್ಲಿದ್ದರೂ ಬಾಗಿಲು ತಟ್ಟುವುದು. ಆಮೇಲೆ ನೀರು. ಶಂಖದಿಂದ, ನಿಧಾನವಾಗಿ, ಬೊಟ್ಟಿನವರೆಗೆ, ಹೆಚ್ಚಲ್ಲ. ಅವಳು ಪ್ರತಿಯೊಂದಕ್ಕೂ ಹೂಂ ಎಂದಳು.

“ಇನ್ಮೇಲೆ ಬೆಳಗಿನ ಪಾಳಿ ನಿನ್ನದು,” ಎಂದೆ.

“ಅವಳೂ ಬಂದ್ರೆ?”

“ಬಂದರೆ ಮಟ್ಟ ನೋಡಿ ಹಾಕು. ಎರಡು ಸಲ ಆಗಬಾರದು.”

ಹಗಲಿನ ಸೆಕೆಗೆ ಬಕೆಟ್ಟಿನಲ್ಲಿ ಸ್ವಲ್ಪ ನೀರು ಇಳಿದಿತ್ತು. ಅಭ್ಯಾಸವಾಗಲೆಂದು ಅಕ್ಕನ ಕೈಯಿಂದಲೇ ಹಾಕಿಸಿದೆ. ಬಾಟಲಿಯಿಂದ ಶಂಖಕ್ಕೆ, ಶಂಖದಿಂದ ಬಕೆಟ್ಟಿಗೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ನೀರು ಬೊಟ್ಟು ಮುಟ್ಟಿದ ಕೂಡಲೇ ನಿಲ್ಲಿಸಿದಳು. ನಾನು ನೀಲಿ ದೀಪ ಆರಿಸಿದೆ.